ಕೆ.ಜಿ. ಲೆಕ್ಕಕ್ಕೆ ತುಟ್ಟಿಭತ್ಯೆ ಇಲ್ಲವೇ?



ಕಳೆದ ಕೊಯ್ಲಿಗೆ ಮುಂಚೆ ಆಳು ಹುಡುಕಿಕೊಂಡು ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆಗೆ ಹೋಗಿದ್ದೆ. ತುಂಗಭದ್ರಾ ಕಾಲುವೆಯ ಆ ಭತ್ತದ ಸೀಮೆಯಲ್ಲಿ ಈಗ ಹೆಚ್ಚಿನ ಕಟಾವು ಯಂತ್ರದ್ದು. ಕೈಗಳು ಖಾಲಿ ಇರುತ್ತವೆ, ಕರೆದರೆ ಸಾಕು ಎಂದುಕೊಂಡಿದ್ದೆ. ಎರಡು ಹಂಗಾಮು ನಮ್ಮಲ್ಲಿ ಹಣ್ಣು ಬಿಡಿಸಿದ ಹೆಂಗಸೊಬ್ಬಳು ಕೇಳಿದ್ದಿಷ್ಟೇ: “ಎಣ್ಣಿ, ಬ್ಯಾಳಿ ರೇಟೆಲ್ಲ ಏರ್ಯಾವ್ರೀ. ನಿಮ್ಮ ಕೆ.ಜಿ. ರೇಟು ಹೋದ ವರ್ಷದ್ದೇ ಏನ್ರಿ?” ಹೌದು, ಹೋದ ವರ್ಷದ್ದೇ ಆಗಿತ್ತು.

ಹಾಜರಿ ಪುಸ್ತಕದಲ್ಲಿ ಹೆಸರಿರುವ ಆಳಿಗೆ ಬೆಲೆ ಸೂಚ್ಯಂಕ ಏರಿದಂತೆ ತುಟ್ಟಿಭತ್ಯೆಯೂ ಏರುತ್ತದೆ. ಸರಕಾರದ ಅಧಿಸೂಚನೆಯೇ ಅದನ್ನು ನೋಡಿಕೊಳ್ಳುತ್ತದೆ. ಕೆ.ಜಿ. ಲೆಕ್ಕದಲ್ಲಿ ಬಿಡಿಸುವವರ ದರವನ್ನು ಮಾತ್ರ ನಾವೂ ಮೇಸ್ತ್ರಿಯೂ ಕೂತು ಗೊತ್ತುಮಾಡುತ್ತೇವೆ. (ಮೇಸ್ತ್ರಿಯ ಕಮಿಷನ್ನು ತಪ್ಪದೆ ಏರುತ್ತದೆ!) ಅತ್ತ ಅವರ ಊರಿನಲ್ಲಿ, ಉದ್ಯೋಗ ಖಾತರಿಯ ದಿನಗೂಲಿ 2024ರಲ್ಲಿ 349 ರೂ. ಇದ್ದದ್ದು 2025ರ ಏಪ್ರಿಲ್‌ನಿಂದ 370 ಆಯಿತು. ಮನೆ ಬಿಡದೆ ಸಿಕ್ಕ ಕೂಲಿ ಅದು.

ನಾಳೆ ಕಾಫಿ ಬೆಲೆ ಬಿದ್ದರೆ ಏರಿಸಿದ ಕೂಲಿಯನ್ನು ಇಳಿಸಲಾದೀತೇ ಎಂಬ ಸಣ್ಣ ಬೆಳೆಗಾರರ ಅಂಜಿಕೆ ಸುಳ್ಳಲ್ಲ. 2001ರ ಆಸುಪಾಸಿನ ಕುಸಿತದಲ್ಲಿ ಸಾಲದ ಬಡ್ಡಿ ಕಟ್ಟಲಾಗದೆ ಕೂತವರಲ್ಲಿ ನಾನೂ ಒಬ್ಬ. ಆದರೆ 2024-25ರಲ್ಲಿ ಧಾರಣೆ ಹಿಂದೆಂದೂ ಕಾಣದಷ್ಟು ಏರಿದಾಗ ಕೆ.ಜಿ. ದರವನ್ನು ತಾವಾಗಿ ಏರಿಸಿದವರು ನಮ್ಮಲ್ಲಿ ಎಷ್ಟು ಮಂದಿ? ನಾನು ಏರಿಸಲಿಲ್ಲ.

ಸೂಚ್ಯಂಕದ ಏರಿಕೆಯನ್ನು ಕೆ.ಜಿ. ದರಕ್ಕೂ ಅನ್ವಯಿಸಬೇಕೆಂಬ ಠರಾವನ್ನು ಮುಂದಿನ ಕೊಯ್ಲಿಗೆ ಮೊದಲು ಸಂಘದ ಸಭೆಯಲ್ಲಿ ಮಂಡಿಸಲಿದ್ದೇನೆ. ಧಾರಣೆ ಚೆನ್ನಾಗಿದ್ದ ವರ್ಷ ಇನ್ನಷ್ಟನ್ನು ಬೋನಸ್ ಎಂದು ಬೇರೆಯಾಗಿ ಕೊಡೋಣ. ಬೆಲೆ ಬಿದ್ದ ವರ್ಷ ಬೋನಸ್ ತಾನಾಗಿ ನಿಲ್ಲುತ್ತದೆ, ದರ ಉಳಿಯುತ್ತದೆ. ವಿರೋಧವಿರುವವರು ದಯವಿಟ್ಟು ಸಭೆಗೆ ಬಂದೇ ಹೇಳಬೇಕು.