ಕಂಪ್ರೆಸರ್ ಬದಲಿಸುವ ಮುನ್ನ

ಪ್ರವಾಸಕ್ಕೆಂದು ಸಾಮಾನು ತುಂಬಿದಾಗ ಕಾರಿನ ಹಿಂಭಾಗ ಕುಸಿದು ಮತ್ತೆ ಮೇಲೇಳದಿದ್ದರೆ ನಾವು ಮೊದಲು ದೂರುವುದು ಕಂಪ್ರೆಸರನ್ನು. ಬಹಳಷ್ಟು ಸಂದರ್ಭಗಳಲ್ಲಿ ಅದು ರೋಗಿಯೇ ಹೊರತು ರೋಗಕಾರಣವಲ್ಲವೆಂದು ನಮ್ಮ ಅಭಿಪ್ರಾಯ.

ಲೆಕ್ಸಸ್ ಜಿಎಕ್ಸ್ 470, ಲಿಂಕನ್ ಟೌನ್ ಕಾರ್‌ಗಳಂತಹ ವಾಹನಗಳ ಹಿಂಬದಿಯಲ್ಲಿ ಉಕ್ಕಿನ ಸುರುಳಿಗಳ ಬದಲು ರಬ್ಬರಿನ ಗಾಳಿಚೀಲಗಳಿರುತ್ತವೆ. ಎತ್ತರ ತಗ್ಗಿದ್ದನ್ನು ಸೆನ್ಸರ್ ಗುರುತಿಸಿದೊಡನೆ ಕಂಪ್ರೆಸರ್ ತುಸು ಹೊತ್ತು ಓಡಿ ಗಾಳಿ ತುಂಬುತ್ತದೆ. ಸದಾ ಓಡಲೆಂದು ನಿರ್ಮಿತವಾದ ಯಂತ್ರ ಅದಲ್ಲ. ಹಳತಾದ ರಬ್ಬರ್ ಬಿರುಕು ಬಿಟ್ಟು ಗಾಳಿ ಸೋರತೊಡಗಿದರೆ, ಬಿಡುವಿಲ್ಲದೆ ದುಡಿದು, ಕಾದು, ಕೊನೆಗೆ ಸುಟ್ಟುಹೋಗುತ್ತದೆ. ಸೋರಿಕೆಯನ್ನು ಹಾಗೆಯೇ ಬಿಟ್ಟು ಹೊಸದನ್ನು ಜೋಡಿಸುವುದು, ಸೋಂಕನ್ನು ಹುಡುಕದೆ ಜ್ವರದ ಮಾತ್ರೆ ನುಂಗಿಸಿದಂತೆ. ಹೊಸದೂ ಅದೇ ಹಾದಿ ಹಿಡಿಯುತ್ತದೆ.

ಆದುದರಿಂದ ಮೊದಲು ಫ್ಯೂಸ್, ರಿಲೇಗಳನ್ನು ಪರೀಕ್ಷಿಸಿರಿ. ಬಳಿಕ ಚೀಲ, ಕೊಳವೆಗಳಿಗೆ ಸಾಬೂನು ನೀರು ಹಚ್ಚಿ, ಗುಳ್ಳೆ ಏಳುವುದೇ ನೋಡಿರಿ. (ಬರಿಯ ಜಾಕ್ ನಂಬಿ ಕಾರಿನಡಿ ತೂರುವುದು ಬೇಡ.) ಸೋರುವ ಚೀಲದೊಡನೆ ತೇವ ಹೀರುವ ಡ್ರೈಯರನ್ನೂ ಬದಲಿಸುವುದೇ ಲೇಸು. ಕಾರು ತೀರ ಹಳೆಯದಾದರೆ ಉಕ್ಕಿನ ಸುರುಳಿಗಳಿಗೆ ಮರಳುವುದರಲ್ಲಿ ಸಂಕೋಚವೇನೂ ಬೇಕಿಲ್ಲ.

ಕುಸಿದ ಕಾರಿನಲ್ಲೇ ಮಕ್ಕಳನ್ನು ಕೂರಿಸಿಕೊಂಡು ರಾತ್ರಿ ಹೆದ್ದಾರಿಗಿಳಿಯುವುದನ್ನು ಮಾತ್ರ ನಾವು ಒಪ್ಪಲಾರೆವು. ಹೆಡ್‌ಲೈಟುಗಳ ಬೆಳಕು ಮೇಲೆದ್ದು ಎದುರಿನವರ ಕಣ್ಣು ಕುಕ್ಕುತ್ತದೆ. ಮುಂಗಾಲಿಗಳ ಮೇಲಿನ ಭಾರ ತಗ್ಗಿ ಸ್ಟೀರಿಂಗಿನ ಹಿಡಿತ ಸಡಿಲವಾಗುತ್ತದೆ.