ಶೀಲಶಿಕ್ಷಣದ ಸಾಧನ

ಬೈಕುಲ್ಲಾದ ಜೀಜಾಮಾತಾ ಉದ್ಯಾನಕ್ಕೆ, ಹಳೆಯ ಮುಂಬಯಿಗರ ಬಾಯಲ್ಲಿ ಇಂದಿಗೂ ರಾಣಿಬಾಗ್ ಆಗಿಯೇ ಉಳಿದಿರುವ ಆ ಮೃಗಾಲಯದ ತಾಣಕ್ಕೆ, ನಗರದ ಶಾಲೆಗಳ ಮಕ್ಕಳು ಸಾಲುಗಟ್ಟಿ ಬರುವುದು ತಲೆಮಾರುಗಳಿಂದ ನಡೆದುಬಂದ ಪದ್ಧತಿ. ಪಂಜರದ ಪ್ರಾಣಿಯನ್ನು ಕೆಣಕದಿರುವುದು, ಹೂವನ್ನು ಗಿಡದಲ್ಲಿಯೇ ಬಿಡುವುದು, ಅದೇ ಆವರಣದಲ್ಲಿರುವ, 1872ರಲ್ಲಿ ಸಾರ್ವಜನಿಕರಿಗೆ ತೆರೆದ ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯದಲ್ಲಿ ದನಿ ತಗ್ಗಿಸಿ ನಡೆಯುವುದು, ಹಿಂದೆ ನಿಂತ ಕಿರಿಯನಿಗೆ ಎಡೆಮಾಡಿಕೊಡುವುದು ಇವನ್ನೆಲ್ಲ ನೀತಿಪಾಠದ ಪುಸ್ತಕಕ್ಕಿಂತ ಇಂತಹ ಒಂದು ಪೂರ್ವಾಹ್ನವು ಚೆನ್ನಾಗಿ ಕಲಿಸಬಲ್ಲುದು.

ಶಾಲೆಯೊಳಗಿನ ಶಿಸ್ತಿನ ಮಾತಿಗೆ ಬಂದರೆ, 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಪ್ರಕರಣವು ದೈಹಿಕ ದಂಡನೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿರುವುದು ಯುಕ್ತವೇ ಸರಿ. ಆದರೆ ಬೆತ್ತವನ್ನು ತ್ಯಜಿಸಿದ ಮಾತ್ರಕ್ಕೆ ಸದ್ವರ್ತನೆ ತಾನಾಗಿ ಮೂಡದು. ದಂಡನೆಯು ತೆರವುಮಾಡಿದ ಸ್ಥಾನವನ್ನು ವಿವೇಕಯುಕ್ತವಾದ ಪ್ರಶಂಸೆಯು ತುಂಬಬೇಕು. ಬಹುಮಾನದ ಆಮಿಷಕ್ಕೆ ಒಗ್ಗಿದ ಮಗು ಬಹುಮಾನ ನಿಂತೊಡನೆ ಒಳಿತನ್ನೂ ನಿಲ್ಲಿಸೀತು. ಆದ್ದರಿಂದ ‘ಜಾಣ’ ಎಂಬ ಒಣಮಾತಿಗಿಂತ, ಕಳೆದುಹೋದ ಪೆನ್ಸಿಲನ್ನು ಹುಡುಕಿ ಒಡೆಯನಿಗೆ ಮರಳಿಸಿದ ಕಾರ್ಯವನ್ನೇ ಹೆಸರಿಸಿ ಮೆಚ್ಚುವುದು ಲೇಸು.

ಪ್ರಶಂಸೆಯೊಡನೆ ಹಿರಿಯರ ನಡತೆಯ ಮಾದರಿಯೂ ಬೇಕು. ಕನ್ನಡವೂ ಸೇರಿದಂತೆ ಹಲವು ಮಾಧ್ಯಮಗಳಲ್ಲಿ ಪಾಲಿಕೆಯು ಶಾಲೆಗಳನ್ನು ನಡೆಸುತ್ತಿರುವ ಈ ಮಹಾನಗರದಲ್ಲಿ, ಹಗಲೆಲ್ಲ ಹೋಟೆಲುಗಳಲ್ಲಿ ದುಡಿದ ಕನ್ನಡದ ಹುಡುಗರು ರಾತ್ರಿಶಾಲೆಗಳಲ್ಲಿ ಓದಿ ಮುಂದೆ ಬಂದುದು ಪ್ರಸಿದ್ಧ. ಹಗಲಿನ ಉದ್ಯೋಗ ಮುಗಿಸಿ ಅವರಿಗೆ ಪಾಠ ಹೇಳಲು ಬರುತ್ತಿದ್ದ ಗುರುಗಳ ನಿಷ್ಠೆಯು ಯಾವ ಬೋಧೆಗಿಂತಲೂ ಕಡಿಮೆಯಾಗಿರಲಿಲ್ಲ. ಮಕ್ಕಳಿಂದ ವಿನಯ, ಸತ್ಯ, ಸಮಯಪಾಲನೆಗಳನ್ನು ಬಯಸುವ ಅಧ್ಯಾಪಕರೂ ತಂದೆತಾಯಿಗಳೂ ಅವುಗಳನ್ನು ಮೊದಲು ತಾವು ಆಚರಿಸತಕ್ಕದ್ದು.