ಮೂವತ್ತು ವರ್ಷ ಅಡಗಿರುವ ಹೃದ್ರೋಗ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಕಡೆ ಅಟ್ಟಕ್ಕೇರಿಸಿದ ತೆಂಗಿನಕಾಯಿ ಉಂಡೆಕೊಬ್ಬರಿಯಾಗಲು ವರ್ಷವೇ ಹಿಡಿಯುತ್ತದೆ. ಒಳಗೆ ನೀರು ಬತ್ತಿ ತಿರುಳು ಚಿಪ್ಪನ್ನು ಬಿಟ್ಟರೂ ಹೊರಗಿನ ಮಟ್ಟೆ ಏನನ್ನೂ ಹೇಳದು; ಕಾಯಿಯನ್ನು ಅಲುಗಿಸಿ ಸದ್ದು ಕೇಳಿದವನಿಗೇ ಒಳಗಿನ ಸ್ಥಿತಿ ತಿಳಿಯುವುದು. ಮನುಷ್ಯನ ಗುಂಡಿಗೆಯನ್ನೂ ಹೀಗೆಯೇ ಹೊರಗೆ ಗುರುತು ತೋರದೆ ಕೆಡಿಸುವ ರೋಗವೊಂದುಂಟು. ಅದರ ಹೆಸರು ಶಾಗಸ್ ರೋಗ. ತವರು ದಕ್ಷಿಣ ಮತ್ತು ಮಧ್ಯ ಅಮೆರಿಕ.

1909ರ ಏಪ್ರಿಲ್ 14ರಂದು ಬ್ರೆಜಿಲ್ ದೇಶದ ಲಾಸಾನ್ಸ್ ಎಂಬ ಊರಿನಲ್ಲಿ, ಜ್ವರದಿಂದ ನರಳುತ್ತಿದ್ದ ಎರಡು ವರ್ಷದ ಬಾಲಕಿಯ ರಕ್ತದಲ್ಲಿ ವೈದ್ಯ ಕಾರ್ಲೋಸ್ ಶಾಗಸ್ ಈ ರೋಗದ ಪರೋಪಜೀವಿಯನ್ನು ಕಂಡರು. ಮಣ್ಣುಗೋಡೆಯ ಬಿರುಕುಗಳಲ್ಲಿಯೂ ತಾಳೆಜಾತಿಯ ಮರಗಳ ಸೋಗೆಗಳಲ್ಲಿಯೂ ಅಡಗುವ, ರಕ್ತ ಹೀರುವ ತಿಗಣೆಯಂಥ ಕೀಟಗಳು ಅದನ್ನು ಹೊತ್ತು ತರುತ್ತವೆ. ಕೀಟವು ರಾತ್ರಿ ಮಲಗಿದವರನ್ನು ಕಚ್ಚಿ, ಅಲ್ಲಿಯೇ ಮಲ ವಿಸರ್ಜಿಸುತ್ತದೆ. ನಿದ್ದೆಗಣ್ಣಿನಲ್ಲಿ ಉಜ್ಜಿಕೊಂಡಾಗ ಮಲದಲ್ಲಿರುವ ಪರೋಪಜೀವಿ ಗಾಯದಿಂದಲೋ ಕಣ್ಣಿನಿಂದಲೋ ಶರೀರವನ್ನು ಸೇರುತ್ತದೆ.

ಕೆಲವು ವಾರಗಳಲ್ಲಿ ಜ್ವರ ಇಳಿಯುತ್ತದೆ. ರೋಗಿ ಎಲ್ಲವನ್ನೂ ಮರೆಯುತ್ತಾನೆ. ಆದರೆ ಹತ್ತರಿಂದ ಮೂವತ್ತು ವರ್ಷಗಳ ತರುವಾಯ, ಸೋಂಕು ತಗುಲಿದವರ ಪೈಕಿ ಸುಮಾರು ಮೂರನೆಯ ಒಂದು ಪಾಲಿನವರೆಗೆ ಹೃದ್ರೋಗ ಕಾಣಿಸಿಕೊಳ್ಳುತ್ತದೆ. ಹೃದಯದ ಸ್ನಾಯುತಂತುಗಳು ನಶಿಸಿ, ಆ ಸ್ಥಳದಲ್ಲಿ ಗಾಯದ ಕಲೆಯಂಥ ನಾರು ಬೆಳೆಯುತ್ತದೆ. ಎಡ ಹೃತ್ಕುಕ್ಷಿಯ ತುದಿ ತೆಳುವಾಗಿ ಚೀಲದಂತೆ ಹೊರಕ್ಕೆ ಉಬ್ಬುವುದುಂಟು. ಅಲ್ಲಿ ನಿಂತ ರಕ್ತ ಹೆಪ್ಪುಗಟ್ಟಿ ಮಿದುಳಿನ ನಾಳವನ್ನು ಸೇರಿದರೆ ಲಕ್ವ ಹೊಡೆಯುತ್ತದೆ. ಕಲೆಯ ಸುತ್ತ ಹೃದಯದ ವಿದ್ಯುತ್‌ಸಂಚಾರ ದಾರಿತಪ್ಪಿ ಸುತ್ತತೊಡಗಿದರೆ ಬಡಿತ ವಿಪರೀತವಾಗುತ್ತದೆ; ಕೊನೆಗೆ ಹೃದಯ ರಕ್ತವನ್ನು ನೂಕಲಾರದೆ ಬರಿದೆ ಅದುರುತ್ತದೆ. ನಿನ್ನೆಯವರೆಗೆ ಗಟ್ಟಿಮುಟ್ಟಾಗಿ ದುಡಿದವನೂ ಹೀಗೆ ಹಠಾತ್ತನೆ ಕುಸಿದು ಪ್ರಾಣಬಿಡಬಹುದು.

ಸೋಂಕಿನ ಆರಂಭದಲ್ಲಿಯೇ ಬೆಂಜ್ನಿಡಜೋಲ್ ಔಷಧಿಯನ್ನು ಕೊಟ್ಟರೆ ಬಹುಮಟ್ಟಿಗೆ ಗುಣವಾಗುತ್ತದೆ. ಹೃದಯ ಕೆಟ್ಟ ಮೇಲೆ ಅದರಿಂದ ಹಾನಿ ತಡೆಯಲಾಗದು. ಆಗ ಬಡಿತವನ್ನು ಹದಗೊಳಿಸುವ ಔಷಧಿಗಳನ್ನೋ ಎದೆಯಲ್ಲಿ ಅಳವಡಿಸುವ ಯಂತ್ರವನ್ನೋ ಆಶ್ರಯಿಸಬೇಕು. ಆದುದರಿಂದ ತಡೆಯುವುದೇ ಮೇಲು. ಬ್ರೆಜಿಲ್‌ನಲ್ಲಿ ಮನೆಗಳಿಗೆ ಕೀಟನಾಶಕ ಸಿಂಪಡಿಸಿ, ಪ್ರಮುಖ ಕೀಟಜಾತಿಯೊಂದರಿಂದ ರೋಗ ಹರಡುವುದನ್ನು 2006ರ ವೇಳೆಗೆ ನಿಲ್ಲಿಸಿದರು.

ಭಾರತದಲ್ಲಿ ಈ ಬಳಗದ ಕೀಟಗಳಿದ್ದರೂ ರೋಗವು ನೆಲೆಯೂರಿಲ್ಲ. ನಮ್ಮ ತೆಂಗಿನ ತೋಟದವರು ಸೋಗೆಗೆ ಅಂಜಬೇಕಾಗಿಲ್ಲ. ಆದರೆ ಆ ನಾಡುಗಳ ಹಳ್ಳಿಗಳಲ್ಲಿ ಬಹುಕಾಲ ವಾಸಿಸಿ ಬಂದವರು ಆ ಸಂಗತಿಯನ್ನು ವೈದ್ಯರಿಗೆ ತಿಳಿಸಿ, ರಕ್ತಪರೀಕ್ಷೆಯನ್ನೂ ಇ.ಸಿ.ಜಿ.ಯನ್ನೂ ಮಾಡಿಸಿಕೊಳ್ಳುವುದು ಲೇಸು. ಕಾಯಿಯನ್ನು ಅಲುಗಿಸಿ ನೋಡುವ ಕ್ರಮ ಅದೇ.